ಟಿಪ್ಪು ಸುಲ್ತಾನನೂ ಗರ್ಜಿಸುವ ಮರದ ಹುಲಿಯೂ



ಶಾಲಾ ಪ್ರವಾಸ ಅಂದರೆ ನಮ್ಮ ಕಡೆಯ ಶಾಲೆಗಳಿಗೆ ಶ್ರೀರಂಗಪಟ್ಟಣ ತಪ್ಪುವುದೇ ಇಲ್ಲ. ಹುಣಸೂರಿನವರಾಗಲಿ, ಪಿರಿಯಾಪಟ್ಟಣದವರಾಗಲಿ, ಕೆ.ಆರ್.ನಗರದವರಾಗಲಿ, ಹೆಚ್.ಡಿ.ಕೋಟೆಯವರಾಗಲಿ, ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿ, ರಂಗನಾಥಸ್ವಾಮಿ ದೇವಸ್ಥಾನ, ದರಿಯಾ ದೌಲತ್, ಗುಂಬಜ್ ಎಲ್ಲಾ ನೋಡಿಕೊಂಡು ಬರುತ್ತೇವೆ. ಆದರೆ ಟಿಪ್ಪು ಸುಲ್ತಾನನ ಅರಮನೆಯಲ್ಲಿದ್ದ ಎರಡು ದೊಡ್ಡ ಅಚ್ಚರಿಗಳು ಈಗ ಅಲ್ಲಿಲ್ಲ. ಒಂದು, ಚಿನ್ನ ರತ್ನಗಳ ಹುಲಿ ಸಿಂಹಾಸನ. ಇನ್ನೊಂದು, ಹಿಡಿಕೆ ತಿರುಗಿಸಿದರೆ ಗುರ್ ಗುರ್ ಎನ್ನುವ ಮರದ ಹುಲಿ. ಎರಡೂ ನಮ್ಮ ಮೈಸೂರು ಸೀಮೆಯಲ್ಲೇ ತಯಾರಾದವು. ಒಂದು ಚೂರು ಚೂರಾಯಿತು, ಇನ್ನೊಂದು ಉಳಿಯಿತು. ಯಾಕೆ ಹಾಗಾಯಿತು ಎಂಬುದನ್ನು ಟಿಪ್ಪುವಿನ ಜೀವನದ ಜೊತೆಗೇ ಹೇಳುವುದು ಈ ಲೇಖನದ ಉದ್ದೇಶ.

ರಾಜರೂ ಯಂತ್ರದ ಉಡುಗೊರೆಗಳೂ

ಹಿಂದಿನ ಕಾಲದ ರಾಜರಿಗೆ ಚಿನ್ನ, ಆನೆ, ಕುದುರೆ ಎಲ್ಲವೂ ಇರುತ್ತಿತ್ತು. ಅಂಥವರಿಗೆ ಉಡುಗೊರೆ ಕೊಡುವುದಾದರೂ ಏನು? ತಾನೇ ಅಲ್ಲಾಡುವ, ತಾನೇ ಕೂಗುವ ವಸ್ತು ಕೊಟ್ಟರೆ ಎಂಥ ರಾಜನೂ ಬೆರಗಾಗುತ್ತಿದ್ದ. ಕ್ರಿ.ಶ. 807ರಲ್ಲಿ ಬಾಗ್ದಾದಿನ ಖಲೀಫ ಹರೂನ್ ಅಲ್ ರಶೀದ್ ಯೂರೋಪಿನ ಚಕ್ರವರ್ತಿ ಶಾರ್ಲಮೇನನಿಗೆ ಹಿತ್ತಾಳೆಯ ನೀರಿನ ಗಡಿಯಾರ ಕಳಿಸಿದ. 1599ರಲ್ಲಿ ಇಂಗ್ಲೆಂಡಿನ ಎಲಿಜಬೆತ್ ರಾಣಿಯ ಕಡೆಯಿಂದ ತುರ್ಕಿಯ ಸುಲ್ತಾನನಿಗೆ ಒಂದು ದೊಡ್ಡ ಆರ್ಗನ್ ವಾದ್ಯ ಹಡಗಿನಲ್ಲಿ ಹೋಯಿತು. ಅದರ ಮೇಲೆ ಕೂತಿದ್ದ ಯಂತ್ರದ ಹಕ್ಕಿಗಳು ರೆಕ್ಕೆ ಬಡಿದು ಹಾಡುತ್ತಿದ್ದವು. ಟಿಪ್ಪುವಿನ ಕಾಲದಲ್ಲೇ ಲಂಡನ್ನಿನ ಜೇಮ್ಸ್ ಕಾಕ್ಸ್ ಎಂಬ ವ್ಯಾಪಾರಿ ರತ್ನ ಕೂರಿಸಿದ ಯಂತ್ರದ ಬೊಂಬೆ, ಗಡಿಯಾರಗಳನ್ನು ಮಾಡಿಸಿ ಚೀನಾ ದೇಶಕ್ಕೆ ಕಳಿಸುತ್ತಿದ್ದ. ಅವನ ಚಿನ್ನದ ಬಣ್ಣದ ನವಿಲಿನ ಗಡಿಯಾರ ರಷ್ಯಾದ ಕ್ಯಾಥರೀನ್ ರಾಣಿಯ ಕಡೆಗೆ ಹೋಯಿತು. ಗಂಟೆ ಹೊಡೆಯುವಾಗ ಆ ನವಿಲು ಗರಿ ಬಿಚ್ಚುತ್ತದೆ. ಆಮೇಲೆ, 1885ರಿಂದ, ಅದೇ ರಷ್ಯಾದಲ್ಲಿ ಫ್ಯಾಬರ್ಜೆ ಎಂಬ ಅಕ್ಕಸಾಲಿಗ ರಾಜಮನೆತನಕ್ಕಾಗಿ ರತ್ನದ ಮೊಟ್ಟೆಗಳನ್ನು ಮಾಡಿಕೊಟ್ಟ. 1900ರ ಒಂದು ಮೊಟ್ಟೆಯೊಳಗೆ ಕೀ ಕೊಟ್ಟರೆ ಓಡುವ ಪುಟಾಣಿ ಚಿನ್ನದ ರೈಲೇ ಇತ್ತು!

ಇವೆಲ್ಲ ದೂರದೇಶದ ಮಾತಾಯಿತು. ನಮ್ಮ ಕಾವೇರಿ ದಡದಲ್ಲೂ ಇಂಥದ್ದೊಂದು ಇತ್ತು ಅನ್ನುವುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಹುಟ್ಟು ಮತ್ತು ಬಾಲ್ಯ

ಟಿಪ್ಪು ಹುಟ್ಟಿದ್ದು ದೇವನಹಳ್ಳಿಯಲ್ಲಿ. ಹುಟ್ಟಿದ ದಿನ 20ನೇ ನವೆಂಬರ್ 1750 ಎಂದು ಸಾಮಾನ್ಯವಾಗಿ ಹೇಳುತ್ತಾರೆ. ತಂದೆ ಹೈದರಾಲಿ, ತಾಯಿ ಫಕ್ರುನ್ನೀಸಾ. ಆರ್ಕಾಟಿನ ಟಿಪ್ಪು ಮಸ್ತಾನ್ ಎಂಬ ಸಂತರ ಹೆಸರನ್ನೇ ಮಗುವಿಗೆ ಇಟ್ಟರು. ಹೈದರಾಲಿ ಆಗ ಮೈಸೂರು ಒಡೆಯರ ಸೈನ್ಯದಲ್ಲಿದ್ದ. ಅವನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಬುದ್ಧಿ, ಧೈರ್ಯ, ನೆನಪಿನ ಶಕ್ತಿ ಇವುಗಳಿಂದ ಮೇಲೆ ಬಂದು 1761ರ ಹೊತ್ತಿಗೆ ರಾಜ್ಯದ ಅಧಿಕಾರವನ್ನೆಲ್ಲ ತನ್ನ ಕೈಗೆ ತೆಗೆದುಕೊಂಡ. ಒಡೆಯರು ಹೆಸರಿಗೆ ಮಾತ್ರ ರಾಜರಾಗಿ ಉಳಿದರು.

ತಾನು ಓದಲಿಲ್ಲವಲ್ಲ ಎಂದೋ ಏನೋ, ಹೈದರಾಲಿ ಮಗನನ್ನು ಚೆನ್ನಾಗಿ ಓದಿಸಿದ. ಟಿಪ್ಪು ಪಾರ್ಸಿ, ಉರ್ದು, ಅರಬ್ಬಿ ಕಲಿತ, ಕನ್ನಡವೂ ಬರುತ್ತಿತ್ತು. ಕುದುರೆ ಸವಾರಿ, ಕತ್ತಿವರಸೆ, ಬಂದೂಕು ಎಲ್ಲದರಲ್ಲೂ ಪಳಗಿದ. ಹದಿನೈದು ಹದಿನಾರರ ವಯಸ್ಸಿಗೇ ಅಪ್ಪನ ಜೊತೆ ಯುದ್ಧಕ್ಕೆ ಹೋಗಲು ಶುರುಮಾಡಿದ. ಅವನು ದೊಡ್ಡವನಾದ ಮೇಲೆ ಅರಮನೆಯಲ್ಲಿ ಸುಮಾರು 2000 ಪುಸ್ತಕಗಳ ಭಂಡಾರ ಇತ್ತು. ನಮ್ಮ ಶಾಲೆಯ ಬೀರುವಿನ ಪುಸ್ತಕಗಳನ್ನು ಲೆಕ್ಕ ಹಾಕಿದರೆ ಅದು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತೆ.

1780ರ ಸೆಪ್ಟೆಂಬರ್ 10ರಂದು ಕಂಚಿಯ ಹತ್ತಿರ ಪೊಳಿಲೂರು ಎಂಬಲ್ಲಿ ಹೈದರ್ ಮತ್ತು ಟಿಪ್ಪು ಸೇರಿ ಕರ್ನಲ್ ಬೇಯ್ಲಿಯ ಇಂಗ್ಲಿಷ್ ದಂಡನ್ನು ಸದೆಬಡಿದರು. ದರಿಯಾ ದೌಲತ್ತಿನ ಗೋಡೆ ಮೇಲೆ ಬರೆದಿರುವ ದೊಡ್ಡ ಯುದ್ಧದ ಚಿತ್ರ ಇದೇ. 1782ರ ಡಿಸೆಂಬರ್ 7ರಂದು ಹೈದರಾಲಿ ಚಿತ್ತೂರಿನ ಹತ್ತಿರ ದಂಡಿನಲ್ಲೇ ತೀರಿಕೊಂಡ. ಟಿಪ್ಪು ಪಟ್ಟಕ್ಕೆ ಬಂದ. 1784ರಲ್ಲಿ ಮಂಗಳೂರಿನಲ್ಲಿ ಒಪ್ಪಂದವಾಗಿ ಎರಡನೇ ಮೈಸೂರು ಯುದ್ಧ ಮುಗಿಯಿತು.

ಎಲ್ಲೆಲ್ಲೂ ಹುಲಿ

ಟಿಪ್ಪುವಿಗೆ ಹುಲಿ ಅಂದರೆ ಪ್ರಾಣ. ಸಿಪಾಯಿಗಳ ಬಟ್ಟೆ ಮೇಲೆ ಹುಲಿಯ ಪಟ್ಟೆ. ಕತ್ತಿಯ ಹಿಡಿ ಹುಲಿಯ ತಲೆ. ಫಿರಂಗಿಯ ಬಾಯಿ ಹುಲಿಯ ಬಾಯಿ. ಅರಮನೆಯ ಹತ್ತಿರ ನಿಜವಾದ ಹುಲಿಗಳನ್ನೂ ಸಾಕಿದ್ದ.

ಹೆಚ್.ಡಿ.ಕೋಟೆ, ಹುಣಸೂರಿನ ಕಾಡಂಚಿನ ಊರಿನವರಿಗೆ ಹುಲಿ ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ದನ ಕಟ್ಟುವ ಕೊಟ್ಟಿಗೆಯ ಬಾಗಿಲು ಭದ್ರ ಮಾಡುವವರು ಅವರು. ಟಿಪ್ಪು ಈ ಭಯವನ್ನೇ ತನ್ನ ಗುರುತು ಮಾಡಿಕೊಂಡ. ಶತ್ರು ತನ್ನ ಹೆಸರು ಕೇಳಿದರೆ ಕಾಡಿನ ಹುಲಿ ನೆನಪಾಗಬೇಕು ಎಂಬುದು ಅವನ ಲೆಕ್ಕ.

ಯಂತ್ರಗಳ ಮೇಲಿನ ಆಸೆ

ಟಿಪ್ಪುವಿನ ಇನ್ನೊಂದು ಗುಣ ಹೊಸ ಯಂತ್ರ, ಹೊಸ ಕಸುಬುಗಳ ಆಸೆ. ಮೈಸೂರಿನ ರಾಕೆಟ್ ಎಲ್ಲರಿಗೂ ಗೊತ್ತು. ಕಬ್ಬಿಣದ ಕೊಳವೆಗೆ ಮದ್ದು ತುಂಬಿ, ಬಿದಿರಿನ ಗಳು ಕಟ್ಟಿ ಹಾರಿಸುತ್ತಿದ್ದರು. ಇಂಗ್ಲಿಷರು ಅವನ್ನು ತಮ್ಮ ದೇಶಕ್ಕೆ ಕೊಂಡೊಯ್ದು ನೋಡಿ, ಕಾಂಗ್ರೀವ್ ಎಂಬುವನ ಕೈಲಿ ಅದೇ ಮಾದರಿಯ ರಾಕೆಟ್ ಮಾಡಿಸಿದರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಕಡೆ ಒಂದು ಪಾಳು ಬಾವಿಯಲ್ಲಿ ಇಂಥ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಸಿಕ್ಕವು.

1787ರಲ್ಲಿ ಟಿಪ್ಪು ಮೂರು ಜನ ರಾಯಭಾರಿಗಳನ್ನು ಫ್ರಾನ್ಸ್ ದೇಶಕ್ಕೆ ಕಳಿಸಿದ. ಅವರು ಪಾಂಡಿಚೇರಿಯಲ್ಲಿ ಹಡಗು ಹತ್ತಿ, ಸುಮಾರು ಒಂದು ವರ್ಷದ ಮೇಲೆ 1788ರ ಜೂನಿನಲ್ಲಿ ಆ ದೇಶ ಮುಟ್ಟಿದರು. ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೇ ಲೂಯಿ ರಾಜನ ದರ್ಶನವಾಯಿತು. ಇಂಗ್ಲಿಷರ ವಿರುದ್ಧ ಸೈನ್ಯ ಬೇಕು ಎಂಬುದು ಮೊದಲ ಬೇಡಿಕೆ. ಅದರ ಜೊತೆಗೆ ಫಿರಂಗಿ ಎರಕ ಹೊಯ್ಯುವವರು, ಗಡಿಯಾರ ಮಾಡುವವರು, ಪಿಂಗಾಣಿ ಮಾಡುವವರು, ನೇಯುವವರು, ವೈದ್ಯರು, ಗಿಡಗಳ ಬೀಜ ಇವೆಲ್ಲವನ್ನೂ ಕೇಳಿದರು. ಲೂಯಿ ರಾಜ ಸೈನ್ಯ ಕೊಡಲಿಲ್ಲ. ಅಂದವಾದ ಪಿಂಗಾಣಿ ಸಾಮಾನುಗಳನ್ನು ಉಡುಗೊರೆ ಕೊಟ್ಟ, ಕೆಲವು ಕುಶಲಕರ್ಮಿಗಳನ್ನು ಜೊತೆಗೆ ಕಳಿಸಿದ. ಮಾರನೇ ವರ್ಷವೇ ಅಲ್ಲಿ ಕ್ರಾಂತಿ ಶುರುವಾಯಿತು, 1793ರಲ್ಲಿ ಆ ರಾಜನ ತಲೆಯೇ ಹೋಯಿತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಬೇರೆ ರಾಜರು ಮಾಡಿದ ಗಡಿಯಾರವನ್ನು ಕೇಳಿದರೆ, ಟಿಪ್ಪು ಗಡಿಯಾರ ಮಾಡುವವರನ್ನೇ ಕೇಳಿದ. ವಸ್ತು ಬಂದರೆ ಒಂದು ದಿನ ಹಾಳಾಗುತ್ತೆ, ಕಸುಬು ಬಂದರೆ ಊರಲ್ಲೇ ಉಳಿಯುತ್ತೆ. ಚನ್ನಪಟ್ಟಣದ ಬಣ್ಣದ ಬೊಂಬೆ ಕೆಲಸವನ್ನೂ ಅವನೇ ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಬೆಳೆಸಿದ ಎಂಬ ಪ್ರತೀತಿ ಇದೆ.

ಚಿನ್ನದ ಸಿಂಹಾಸನ

ಈಗ ರತ್ನದ ವಿಷಯಕ್ಕೆ ಬರೋಣ. ಟಿಪ್ಪು ಮಾಡಿಸಿದ ಸಿಂಹಾಸನ ಎಂಟು ಮೂಲೆಯದು. ಮರದ ಮೇಲೆ ದಪ್ಪ ಚಿನ್ನದ ತಗಡು ಹೊದಿಸಿದ್ದರು. ಮುಂದೆ ನಿಜವಾದ ಹುಲಿಯ ತಲೆಯಷ್ಟೇ ದೊಡ್ಡದಾದ ಚಿನ್ನದ ಹುಲಿ ತಲೆ, ಅದಕ್ಕೆ ಸ್ಫಟಿಕದ ಕಣ್ಣು, ಸ್ಫಟಿಕದ ಹಲ್ಲು. ಸುತ್ತಲ ಕಟಕಟೆಯ ಮೇಲೆ ಎಂಟು ಚಿಕ್ಕ ಹುಲಿ ತಲೆಗಳು, ಅವಕ್ಕೆಲ್ಲ ವಜ್ರ, ಕೆಂಪು, ಪಚ್ಚೆ ಕೂರಿಸಿದ್ದರು. ಮೇಲಿನ ಛತ್ರಿಯ ತುದಿಯಲ್ಲಿ ಹುಮಾ ಎಂಬ ಚಿನ್ನದ ಹಕ್ಕಿ. ಹುಮಾ ಹಕ್ಕಿಯ ನೆರಳು ಯಾರ ತಲೆ ಮೇಲೆ ಬೀಳುತ್ತೋ ಅವನು ರಾಜನಾಗುತ್ತಾನೆ ಎಂಬುದು ಪರ್ಷಿಯಾದ ಕಡೆಯ ನಂಬಿಕೆ. ಆ ಹಕ್ಕಿಯ ಮೈ ತುಂಬ ವಜ್ರ, ಕೆಂಪು, ಪಚ್ಚೆ, ಮುತ್ತು.

ಇಂಗ್ಲಿಷರನ್ನು ಪೂರ್ತಿ ಸೋಲಿಸುವ ತನಕ ಈ ಸಿಂಹಾಸನ ಏರುವುದಿಲ್ಲ ಅಂತ ಟಿಪ್ಪು ಶಪಥ ಮಾಡಿದ್ದನೆಂದು ಹೇಳುತ್ತಾರೆ. ಆ ದಿನ ಬರಲೇ ಇಲ್ಲ.

ಸೋಲು ಮತ್ತು ಮಕ್ಕಳ ಒತ್ತೆ

1790ರಿಂದ 1792ರವರೆಗೆ ಮೂರನೇ ಮೈಸೂರು ಯುದ್ಧ. ಇಂಗ್ಲಿಷರು, ಮರಾಠರು, ಹೈದರಾಬಾದಿನ ನಿಜಾಮ ಮೂವರೂ ಒಂದಾದರು. ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿಗೇ ಬಂದ. ಕೊನೆಗೆ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಒಪ್ಪಬೇಕಾಯಿತು. ಹಣ ಸಲ್ಲುವ ತನಕ ಇಬ್ಬರು ಗಂಡುಮಕ್ಕಳನ್ನು ಒತ್ತೆ ಇಡಬೇಕಾಯಿತು. ಆ ಹುಡುಗರು ನಮಗಿಂತ ಚಿಕ್ಕವರು. ಅವರನ್ನು ಮದ್ರಾಸಿಗೆ ಕರೆದುಕೊಂಡು ಹೋದರು. 1794ರಲ್ಲಿ ಅವರು ಅಪ್ಪನ ಹತ್ತಿರ ವಾಪಸ್ಸು ಬಂದರು.

ಮಕ್ಕಳು ಮನೆಯಲ್ಲಿಲ್ಲದ ಆ ಕಾಲದಲ್ಲೇ, 1793ರ ಸುಮಾರಿಗೆ, ಮರದ ಹುಲಿ ತಯಾರಾಯಿತು ಅಂತ ಅದನ್ನು ಈಗ ಇಟ್ಟುಕೊಂಡಿರುವ ಮ್ಯೂಸಿಯಮ್ಮಿನವರು ಹೇಳುತ್ತಾರೆ. ಇದನ್ನು ತಿಳಿದ ಮೇಲೆ ಆ ಹುಲಿಯನ್ನು ಬರೀ ಆಟದ ಸಾಮಾನು ಅನ್ನಲು ಮನಸ್ಸು ಬರುವುದಿಲ್ಲ.

ಮರದ ಹುಲಿ ಹೇಗೆ ಕೆಲಸ ಮಾಡುತ್ತದೆ?

ಒಬ್ಬ ಯೂರೋಪಿನವನು ಅಂಗಾತ ಬಿದ್ದಿದ್ದಾನೆ. ತಲೆಗೆ ಟೋಪಿ, ಮೈಗೆ ಕೆಂಪು ಕೋಟು. ಅವನ ಎದೆ ಮೇಲೆ ಹುಲಿ ಕೂತು ಕುತ್ತಿಗೆಗೆ ಬಾಯಿ ಹಾಕಿದೆ. ಎಲ್ಲಾ ಮರದ್ದು, ಮೇಲೆ ಬಣ್ಣ. ಉದ್ದ ಸುಮಾರು 178 ಸೆಂಟಿಮೀಟರ್, ಎತ್ತರ 71 ಸೆಂಟಿಮೀಟರ್, ಅಂದರೆ ಹೆಚ್ಚು ಕಡಿಮೆ ಒಬ್ಬ ಮನುಷ್ಯನಷ್ಟೇ ಉದ್ದ.

ಹುಲಿಯ ಭುಜದ ಹತ್ತಿರ ಒಂದು ಹಿಡಿಕೆ ಇದೆ. ಕಬ್ಬಿನ ಹಾಲಿನ ಯಂತ್ರ ತಿರುಗಿಸುತ್ತಾರಲ್ಲ, ಹಾಗೆ ಅದನ್ನು ತಿರುಗಿಸಬೇಕು. ಆಗ ಒಳಗಿರುವ ತಿದಿಗಳು ಗಾಳಿ ಒತ್ತುತ್ತವೆ. ಕಮ್ಮಾರರ ಕುಲುಮೆಯ ತಿದಿ ನೋಡಿದ್ದೀರಲ್ಲ, ಅದೇ ಕೆಲಸ. ಒಂದು ತಿದಿಯ ಗಾಳಿ ಮನುಷ್ಯನ ಗಂಟಲ ಕಡೆಯ ಕೊಳವೆಗೆ ಹೋಗಿ ಅಯ್ಯೋ ಎಂಬಂತೆ ನರಳುವ ಶಬ್ದ ಬರುತ್ತದೆ. ಜೊತೆಗೇ ಅವನ ಎಡಗೈ ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಕೈ ಆಡಿದ ಹಾಗೆ ನರಳುವ ಸ್ವರವೂ ಏರಿಳಿಯುತ್ತದೆ. ಇನ್ನೊಂದು ಕಡೆ ಹುಲಿಯ ತಲೆಯೊಳಗಿನ ಕೊಳವೆಗೆ ಗಾಳಿ ಹೋಗಿ, ಎರಡು ಸ್ವರದಲ್ಲಿ ಹುಲಿ ಗುರುಗುಟ್ಟುತ್ತದೆ.

ಇಷ್ಟೇ ಅಲ್ಲ. ಹುಲಿಯ ಪಕ್ಕೆಯಲ್ಲಿ ಒಂದು ಮುಚ್ಚಳ ಇದೆ. ತೆಗೆದರೆ ಒಳಗೆ ದಂತದ ಮಣೆಗಳ ಸಾಲು, ಒಟ್ಟು 18 ಸ್ವರ. ಹಾರ್ಮೋನಿಯಂ ನುಡಿಸಿದಂತೆ ಬೆರಳಿಟ್ಟು ನುಡಿಸಬಹುದು. ಹುಲಿಯ ಹೊಟ್ಟೆ ತುಂಬ ಕೊಳವೆಗಳು. ಇಂಥ ವಾದ್ಯಕ್ಕೆ ಆರ್ಗನ್ ಅಂತ ಹೆಸರು. ಮೇಲಿನ ಕೆತ್ತನೆ, ಬಣ್ಣ ಎಲ್ಲಾ ಮೈಸೂರು ಸೀಮೆಯ ಬಡಗಿಗಳು, ಚಿತ್ರಗಾರರದು. ಒಳಗಿನ ಯಂತ್ರಕ್ಕೆ ಯೂರೋಪಿನವರ, ಬಹುಶಃ ಫ್ರೆಂಚರ ತಿಳುವಳಿಕೆ ಸೇರಿದೆ ಎಂಬುದು ವಿದ್ವಾಂಸರ ಅಭಿಪ್ರಾಯ. ಗಡಿಯಾರ ಮಾಡುವವರನ್ನು ಕಳಿಸಿ ಅಂತ ಕೇಳಿದ ರಾಜನ ಅರಮನೆಯಲ್ಲಿ ಹೀಗೆ ಎರಡು ದೇಶದ ಕೈಗಳು ಒಂದೇ ಹುಲಿಯಲ್ಲಿ ಸೇರಿದ್ದು ಆಶ್ಚರ್ಯವಲ್ಲ. ಅರಮನೆಯ ವಾದ್ಯಗಳ ಕೋಣೆಯಲ್ಲಿ ಈ ಹುಲಿ ಇತ್ತು.

ಸಿಂಹಾಸನದಲ್ಲಿ ರತ್ನ ಇತ್ತು, ಜೀವ ಇರಲಿಲ್ಲ. ಈ ಹುಲಿಯಲ್ಲಿ ಒಂದು ರತ್ನವೂ ಇಲ್ಲ, ಆದರೆ ಉಸಿರು ಇದೆ.

ನಮ್ಮ ಪಿರಿಯಾಪಟ್ಟಣದ ಕಡೆ ನಡೆದದ್ದು

ದೊಡ್ಡವರ ಯುದ್ಧ ನಮ್ಮ ಊರುಗಳ ಮೇಲೂ ಹಾದು ಹೋಗಿದೆ. ಅದನ್ನೂ ಹೇಳಬೇಕು.

ಕೊಡಗಿನ ಜನ ಟಿಪ್ಪುವಿಗೆ ಬಗ್ಗಲಿಲ್ಲ. ಅವನು ಅಲ್ಲಿ ಬಹಳ ಕಠಿಣವಾಗಿ ನಡೆದುಕೊಂಡ. ಸಾವಿರಾರು ಜನರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ, ಮತಾಂತರ ಮಾಡಿಸಿದ. ಕೊಡಗಿನ ರಾಜಮನೆತನದವರನ್ನು ತಂದು ಇಟ್ಟಿದ್ದು ನಮ್ಮ ಪಿರಿಯಾಪಟ್ಟಣದ ಕೋಟೆಯಲ್ಲೇ. ಅದರಲ್ಲಿ ದೊಡ್ಡ ವೀರರಾಜೇಂದ್ರನೂ ಇದ್ದ. 1788ರಲ್ಲಿ ಅವನು ಇಲ್ಲಿಂದ ತಪ್ಪಿಸಿಕೊಂಡು ಹೋಗಿ ಕೊಡಗಿನಲ್ಲಿ ಮತ್ತೆ ದಂಡು ಕಟ್ಟಿದ, ಇಂಗ್ಲಿಷರ ಜೊತೆ ಸೇರಿದ.

ಮೂರನೇ ಯುದ್ಧದಲ್ಲಿ ಇಂಗ್ಲಿಷರ ಬೊಂಬಾಯಿ ಸೈನ್ಯ ಅಬರ್‌ಕ್ರಾಂಬಿಯ ಕೈಕೆಳಗೆ ಕೊಡಗಿನ ದಾರಿಯಲ್ಲಿ ಪಿರಿಯಾಪಟ್ಟಣಕ್ಕೆ ಬಂತು. ಕೋಟೆ ಶತ್ರುವಿಗೆ ಉಪಯೋಗಕ್ಕೆ ಬರಬಾರದು ಅಂತ ಟಿಪ್ಪು ತಾನೇ ಅದನ್ನು ಹಾಳುಗೆಡವಿದ. ನಮ್ಮ ಕೋಟೆ ಇವತ್ತು ಪಾಳು ಬಿದ್ದಿರುವುದರ ಹಿಂದೆ ಈ ಕಥೆ ಇದೆ.

1799ರಲ್ಲಿ ನಾಲ್ಕನೇ ಯುದ್ಧ. ಬೊಂಬಾಯಿ ಸೈನ್ಯ ಈ ಸಲ ಜನರಲ್ ಸ್ಟೂಅರ್ಟನ ಕೈಕೆಳಗೆ ಮತ್ತೆ ಕೊಡಗಿನ ಕಡೆಯಿಂದ ಬಂತು. ಟಿಪ್ಪು ಶ್ರೀರಂಗಪಟ್ಟಣದಿಂದ ಹೊರಟು ಪಿರಿಯಾಪಟ್ಟಣದ ಹತ್ತಿರ ಬಿಡಾರ ಹೂಡಿದ. ಕೊಡಗಿನ ಗಡಿಯ ಸಿದ್ಧೇಶ್ವರ ಬೆಟ್ಟದ ಮೇಲೆ ನಿಂತಿದ್ದವರಿಗೆ ಬಯಲಿನಲ್ಲಿ ಡೇರೆಗಳು ಕಂಡವು, ಅದರ ನಡುವೆ ಸುಲ್ತಾನನ ಹಸಿರು ಡೇರೆ. ಹಾಗೆ ನೋಡುತ್ತಿದ್ದವರ ಕಡೆ ಇದ್ದವನು, ಹಿಂದೆ ಇದೇ ಕೋಟೆಯಲ್ಲಿ ಸೆರೆಯಲ್ಲಿದ್ದ ವೀರರಾಜೇಂದ್ರ! ಮಾರ್ಚ್ 6ರ ಬೆಳಗ್ಗೆ ಟಿಪ್ಪು ಕಾಡಿನ ಮರೆಯಲ್ಲಿ ಬಂದು ಬಿದ್ದ. ಗಂಟೆಗಟ್ಟಲೆ ಯುದ್ಧ ನಡೆಯಿತು. ಟಿಪ್ಪುವಿನ ಹೆಸರಾದ ಸೇನಾಪತಿ, ಬೆಂಕಿ ನವಾಬ ಎಂದು ಕರೆಯುತ್ತಿದ್ದ ಮಹಮ್ಮದ್ ರಜಾ ಅಲ್ಲೇ ಸತ್ತ. ಟಿಪ್ಪು ಹಿಮ್ಮೆಟ್ಟಿದ. ಕೆಲವು ದಿನ ಪಿರಿಯಾಪಟ್ಟಣದಲ್ಲೇ ಇದ್ದು, ಮದ್ರಾಸಿನ ಕಡೆಯಿಂದ ಬರುತ್ತಿದ್ದ ದೊಡ್ಡ ಸೈನ್ಯ ಎದುರಿಸಲು ಹೊರಟುಹೋದ.

ಮಾರನೇ ವರ್ಷ, 1800ರಲ್ಲಿ, ಕಂಪನಿಯ ಡಾಕ್ಟರು ಬುಕಾನನ್ ಎಂಬುವರು ಊರೂರು ಸುತ್ತುತ್ತಾ ಪಿರಿಯಾಪಟ್ಟಣಕ್ಕೆ ಬಂದರು. ಹಾಳು ಕೋಟೆಯೊಳಗೆ ಹುಲಿಗಳು ಸೇರಿಕೊಂಡಿವೆ, ದಾರಿ ತಪ್ಪಿ ಒಳಹೋದ ಕುದುರೆಯನ್ನು ತಿಂದಿವೆ, ಮಟಮಟ ಮಧ್ಯಾಹ್ನವೂ ಒಬ್ಬೊಬ್ಬರೇ ಒಳಗೆ ಹೋಗಲು ಹೆದರುತ್ತಾರೆ ಅಂತ ಅವರು ಬರೆದಿದ್ದಾರೆ. ಹುಲಿಯ ಹೆಸರು ಹೇಳಿಕೊಂಡು ರಾಜರು ಯುದ್ಧ ಮಾಡಿದರು. ಊರಿನವರ ಪಾಲಿಗೆ ಬಂದದ್ದು ನಿಜವಾದ ಹುಲಿ.

ಕೊನೆಯ ದಿನ

ಮಾರ್ಚ್ 27ರಂದು ಮಳವಳ್ಳಿಯಲ್ಲೂ ಟಿಪ್ಪುವಿಗೆ ಸೋಲಾಯಿತು. ಏಪ್ರಿಲ್ ತಿಂಗಳೆಲ್ಲ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ. 1799ರ ಮೇ 4ರ ಮಧ್ಯಾಹ್ನ ಇಂಗ್ಲಿಷರು ಬಿರುಕು ಬಿಟ್ಟ ಕೋಟೆ ಗೋಡೆ ಹತ್ತಿ ಒಳನುಗ್ಗಿದರು. ಟಿಪ್ಪು ಓಡಿಹೋಗಲಿಲ್ಲ. ಬಾಗಿಲ ಹತ್ತಿರ ಸಾಮಾನ್ಯ ಸಿಪಾಯಿಯಂತೆ ಹೋರಾಡುತ್ತಾ ಸತ್ತ. ಹೆಣಗಳ ರಾಶಿಯಲ್ಲಿ ಅವನನ್ನು ಹುಡುಕಿ ತೆಗೆಯಬೇಕಾಯಿತು. ಮಾರನೇ ದಿನ ಗುಂಬಜಿನಲ್ಲಿ ತಂದೆ ತಾಯಿಯರ ಪಕ್ಕದಲ್ಲೇ ಮಣ್ಣು ಮಾಡಿದರು. ಜೂನ್ 30ರಂದು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಿದರು.

ಸಾಕಿದ್ದ ಹುಲಿಗಳ ಗತಿ ಏನು? ಅವಕ್ಕೆ ತಿನ್ನಿಸುವವರಿಲ್ಲ, ನೋಡುವವರಿಲ್ಲ, ಹಸಿವಿನಿಂದ ಕೆರಳಿವೆ, ಯಾರೂ ತೆಗೆದುಕೊಂಡು ಹೋಗದಿದ್ದರೆ ಗುಂಡು ಹೊಡೆಸಬೇಕಾಗುತ್ತದೆ ಅಂತ ಇಂಗ್ಲಿಷ್ ಅಧಿಕಾರಿ ಆರ್ಥರ್ ವೆಲ್ಲೆಸ್ಲಿ ಕಾಗದ ಬರೆದ.

ಚಿನ್ನ ಒಡೆಯಿತು, ಮರ ಉಳಿಯಿತು

ಲೂಟಿಯ ಮಾಲನ್ನು ಸೈನ್ಯಕ್ಕೆ ಹಂಚಲು ಕೆಲವು ಅಧಿಕಾರಿಗಳನ್ನು ನೇಮಿಸಿದ್ದರು. ಅವರು ಸಿಂಹಾಸನವನ್ನು ಒಡೆದು ಚಿನ್ನವನ್ನು ಪಾಲು ಹಾಕಿದರು. ಇಡಿಯಾಗಿ ಇಂಗ್ಲೆಂಡಿನ ರಾಜನಿಗೆ ಕಳಿಸಬಹುದಿತ್ತಲ್ಲ ಅಂತ ಗವರ್ನರ್ ಜನರಲ್ ಆಮೇಲೆ ಪೇಚಾಡಿಕೊಂಡ. ಅಷ್ಟರಲ್ಲಿ ಕೆಲಸ ಮುಗಿದಿತ್ತು. ಉಳಿದದ್ದು ಚೂರುಗಳು ಮಾತ್ರ. ಹುಮಾ ಹಕ್ಕಿ ಕಂಪನಿಯವರಿಂದ ಮೂರನೇ ಜಾರ್ಜ್ ರಾಜನಿಗೆ ಉಡುಗೊರೆಯಾಗಿ ಹೋಯಿತು. ದೊಡ್ಡ ಹುಲಿ ತಲೆ 1831ರಲ್ಲಿ ನಾಲ್ಕನೇ ವಿಲಿಯಂ ರಾಜನಿಗೆ ಹೋಯಿತು. ಚಿಕ್ಕ ತಲೆಗಳು ಬೇರೆ ಬೇರೆಯವರ ಕೈ ಸೇರಿದವು. ಅದರಲ್ಲಿ ಒಂದು 2009ರಲ್ಲಿ ಲಂಡನ್ನಿನಲ್ಲಿ ಸುಮಾರು 3 ಲಕ್ಷ 90 ಸಾವಿರ ಪೌಂಡಿಗೆ ಹರಾಜಾಯಿತು. ಇನ್ನೊಂದಕ್ಕೆ 2021ರಲ್ಲಿ 15 ಲಕ್ಷ ಪೌಂಡ್ ಬೆಲೆ ಕಟ್ಟಿ, ದೇಶ ಬಿಟ್ಟು ಹೋಗದ ಹಾಗೆ ಅಲ್ಲಿನ ಸರ್ಕಾರ ತಡೆ ಹಾಕಿತು. ನೋಡಿ, ಒಬ್ಬ ರಾಜ ತನಗಾಗಿ ಮಾಡಿಸಿದ್ದು ಇನ್ನೊಬ್ಬ ರಾಜನಿಗೆ ಉಡುಗೊರೆ!

ಮರದ ಹುಲಿಯನ್ನು ಒಡೆಯಲಿಲ್ಲ. ಒಡೆದರೆ ಸಿಗುವುದೇನು, ಸೌದೆ ತಾನೆ? ಅದನ್ನು ಹಾಗೇ ಲಂಡನ್ನಿಗೆ ಕಳಿಸಿದರು. 1808ರಲ್ಲಿ ಕಂಪನಿಯ ಕಚೇರಿಯಲ್ಲಿ ಜನರಿಗೆ ತೋರಿಸಲು ಇಟ್ಟರು. ಅದೇ ವರ್ಷ ಸೈನಿಕರಿಗೆ ಹಂಚಿದ ಪದಕದ ಮೇಲೆ ಬ್ರಿಟನ್ನಿನ ಸಿಂಹ ಮೈಸೂರಿನ ಹುಲಿಯನ್ನು ಕೆಡವಿದ ಚಿತ್ರ ಇತ್ತು. ಲಂಡನ್ನಿನ ಜನ ಬಂದು ಬಂದು ಹಿಡಿಕೆ ತಿರುಗಿಸಿದರು. ಪಕ್ಕದಲ್ಲಿ ಓದಲು ಬರುತ್ತಿದ್ದವರಿಗೆ ಅದರ ಗಲಾಟೆ ತಡೆಯಲಾಗದೆ ದೂರು ಕೊಟ್ಟರಂತೆ. 1843ರ ಹೊತ್ತಿಗೆ ಹಿಡಿಕೆಯೇ ಕಾಣೆಯಾಗಿತ್ತು! 1880ರಲ್ಲಿ ಹುಲಿ ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಎಂದು ಕರೆಯುವ ಮ್ಯೂಸಿಯಂ ಸೇರಿತು. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಚಾವಣಿ ಕುಸಿದು ಹುಲಿಯ ಮೈ ನೂರಾರು ಚೂರಾಯಿತು. ಅಲ್ಲಿನವರು ಒಂದೊಂದೇ ಚೂರು ಆರಿಸಿ ಜೋಡಿಸಿ, 1947ರ ಹೊತ್ತಿಗೆ ಮತ್ತೆ ನಿಲ್ಲಿಸಿದರು. ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷವೂ ಅದೇ.

ಸಿಂಹಾಸನದ ಚೂರನ್ನು ಹೀಗೆ ಯಾರೂ ಜೋಡಿಸಲಿಲ್ಲ. ಚಿನ್ನ ಕರಗಿ ಎಲ್ಲೆಲ್ಲೋ ಹೋಗಿತ್ತು.

ಟಿಪ್ಪುವನ್ನು ಹೇಗೆ ನೆನೆಯಬೇಕು?

ಟಿಪ್ಪುವಿನ ಬಗ್ಗೆ ಜನ ಎರಡು ತರಹ ಮಾತಾಡುತ್ತಾರೆ. 1791ರಲ್ಲಿ ಮರಾಠರ ಕಡೆಯವರು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಟಿಪ್ಪು ಸ್ವಾಮಿಗಳಿಗೆ ಗೌರವದಿಂದ ಕಾಗದ ಬರೆದು, ದೇವಿಯ ಪುನಃಪ್ರತಿಷ್ಠೆಗೆ ನೆರವು ಕೊಟ್ಟ. ಆ ಕನ್ನಡ ಕಾಗದಗಳು ಸಿಕ್ಕಿವೆ. ನಂಜನಗೂಡಿನ ದೇವಸ್ಥಾನದ ಪಚ್ಚೆ ಲಿಂಗ ಅವನು ಕೊಟ್ಟದ್ದು ಎಂಬ ನಂಬಿಕೆ ಇದೆ. ಕಾವೇರಿಗೆ ಅಣೆಕಟ್ಟು ಕಟ್ಟಿಸಬೇಕು ಅಂತ ಅವನು ಬರೆಸಿದ 1794ರ ಪಾರ್ಸಿ ಶಾಸನ, ಕನ್ನಂಬಾಡಿ ಕಟ್ಟೆ ಕಟ್ಟುವಾಗ ಸಿಕ್ಕಿತು. ಕೆ.ಆರ್.ನಗರದ ಕಡೆ ಇವತ್ತು ಹಿನ್ನೀರು ನೋಡುವವರು ಅದನ್ನು ನೆನೆಯಬಹುದು. ಸೈನ್ಯದ ಸಾಮಾನು ಎಳೆಯುವ ದನಗಳ ತಳಿಗೆ ಅಮೃತ ಮಹಲ್ ಎಂಬ ಹೆಸರು ಬಂದದ್ದೂ ಅವನ ಕಾಲದಲ್ಲೇ. ಮುಂದೆ ಆ ಇಲಾಖೆಯ ಕೇಂದ್ರ ನಮ್ಮ ಹುಣಸೂರಿನಲ್ಲಿತ್ತು.

ಇನ್ನೊಂದು ಕಡೆ ಕೊಡಗು, ಮಲಬಾರು, ಮಂಗಳೂರಿನ ಕ್ರೈಸ್ತರು ಇವರ ನೆನಪು ಬೇರೆ. ಅವರ ಹಿರಿಯರು ಸೆರೆಯಾಗಿ ನಡೆದ ದಾರಿ ಸುಳ್ಳಲ್ಲ. ಎರಡನ್ನೂ ತಿಳಿದುಕೊಳ್ಳಬೇಕು. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಅದು ಇತಿಹಾಸ ಆಗೋದಿಲ್ಲ, ಅರ್ಧ ಇತಿಹಾಸ ಆಗುತ್ತೆ.

ಇದರಿಂದ ನಾವು ತಿಳಿಯುವುದೇನು?

ಸಿಂಹಾಸನವನ್ನು ಒಡೆದದ್ದು ಅದರ ಬೆಲೆ. ಹುಲಿಯನ್ನು ಉಳಿಸಿದ್ದು ಅದನ್ನು ಮಾಡಿದವರ ಕೆಲಸ. ಆ ಬಡಗಿಯ ಹೆಸರಾಗಲಿ, ಬಣ್ಣ ಹಚ್ಚಿದವನ ಹೆಸರಾಗಲಿ, ತಿದಿ ಕೂರಿಸಿದವನ ಹೆಸರಾಗಲಿ ಅದರ ಮೇಲೆ ಇಲ್ಲ. ನಮ್ಮ ನಿಮ್ಮ ಊರಿನಂಥ ಯಾವುದೋ ಊರಿನಲ್ಲಿ ಉಳಿ ಹಿಡಿಯಲು ಕಲಿತವರು ಅವರು. ಟಿಪ್ಪುವಿನ ರಾಜ್ಯ ಹೋಯಿತು, ಕಂಪನಿಯೂ ಹೋಯಿತು, ಹುಲಿ ಇದೆ. ಆದ್ದರಿಂದ ಕೈಕಸುಬು ಮಾಡುವವರನ್ನು, ಬಡಗಿ ಕಮ್ಮಾರರ ಮಕ್ಕಳನ್ನು ಯಾರೂ ಕೀಳಾಗಿ ಕಾಣಬಾರದು. ಮುಂದಿನ ಸಲ ಶ್ರೀರಂಗಪಟ್ಟಣಕ್ಕೆ ಹೋದಾಗ ಟಿಪ್ಪುವಿನ ಜೊತೆಗೆ ಹೆಸರಿಲ್ಲದ ಆ ಕೆಲಸಗಾರರನ್ನೂ ಒಂದು ಕ್ಷಣ ನೆನೆಯೋಣ.

ನೆನಪಿಡಬೇಕಾದ ಇಸವಿಗಳು

1750: ದೇವನಹಳ್ಳಿಯಲ್ಲಿ ಟಿಪ್ಪುವಿನ ಜನನ
1782: ಹೈದರಾಲಿಯ ಮರಣ, ಟಿಪ್ಪುವಿಗೆ ಪಟ್ಟ
1788: ಮೈಸೂರಿನ ರಾಯಭಾರಿಗಳಿಗೆ ಫ್ರಾನ್ಸ್ ರಾಜನ ದರ್ಶನ
1792: ಶ್ರೀರಂಗಪಟ್ಟಣದ ಒಪ್ಪಂದ, ಮಕ್ಕಳು ಒತ್ತೆ
1793 ಸುಮಾರು: ಮರದ ಹುಲಿಯ ತಯಾರಿ
1799 ಮಾರ್ಚ್ 6: ಪಿರಿಯಾಪಟ್ಟಣದ ಬಳಿ ಸಿದ್ಧೇಶ್ವರ ಯುದ್ಧ
1799 ಮೇ 4: ಟಿಪ್ಪುವಿನ ಮರಣ
1808: ಲಂಡನ್ನಿನಲ್ಲಿ ಮರದ ಹುಲಿಯ ಪ್ರದರ್ಶನ

ಉತ್ತರ ಹೇಳಿ ನೋಡೋಣ

1. ಹುಲಿಯ ಗುರುಗುಟ್ಟುವಿಕೆಗೂ ಕಮ್ಮಾರರ ಕುಲುಮೆಗೂ ಏನು ಸಂಬಂಧ?
2. ಪಿರಿಯಾಪಟ್ಟಣದ ಕೋಟೆಯಿಂದ ತಪ್ಪಿಸಿಕೊಂಡ ಕೊಡಗಿನ ರಾಜ ಯಾರು?
3. ಹುಲಿಯ ಪಕ್ಕೆಯೊಳಗಿನ ವಾದ್ಯದಲ್ಲಿ ಎಷ್ಟು ಸ್ವರಗಳಿವೆ?

(ಉತ್ತರಗಳು ಲೇಖನದಲ್ಲೇ ಇವೆ. ಇನ್ನೊಂದು ಸಲ ಓದಿ!)